ಅಪ್ಪನನ್ನು ಲಂಡನ್‌ನ ರೂಲ್ಸ್ ಹೋಟೆಲ್‌ಗೆ ಊಟಕ್ಕೆ ಕರೆದುಕೊಂಡು ಹೋಗಬೇಕು, ಆದರೆ ನಾವು ಬೀಫ್ ತಿನ್ನಲ್ಲ. ಸರಿಹೋಗುತ್ತಾ?

ಕಾಫಿತೋಟದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೀನಿ, ಊರು ಮಡಿಕೇರಿ ಹತ್ತಿರ. ಅಕ್ಟೋಬರ್ ಕೊನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ನಾಲ್ಕೂ ಜನ ಬರುತ್ತಿದ್ದಾರೆ. ಅಪ್ಪನಿಗೆ ಒಂದೇ ಒಂದು ಆಸೆ, ಹಳೇ ಇಂಗ್ಲಿಷ್ ಹೋಟೆಲ್‌ನಲ್ಲಿ ಕೂತು ಕಾಡಿನ ಹಕ್ಕಿ ತಿನ್ನಬೇಕಂತೆ. ಅವರು ಚಿಕ್ಕವರಿದ್ದಾಗ ತಾತನ ಜೊತೆ ಕೋವಿ ಹಿಡಿದು ಕಾಡಿಗೆ ಹೋದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಈ ದೇಶದಲ್ಲಿ ಇವತ್ತಿಗೂ ಕಾನೂನು ಪ್ರಕಾರವೇ ಬೇಟೆ ಮಾಂಸ ಬಡಿಸುತ್ತಾರೆ ಅಂತ ಯಾರೋ ಹೇಳಿದಾಗಿನಿಂದ ಫೋನ್ ಮಾಡಿದಾಗೆಲ್ಲ ಅದೇ ಮಾತು.

ತೊಂದರೆ ಏನು ಅಂದರೆ, ಅಪ್ಪ ಹಂದಿ, ಕೋಳಿ, ಮೀನು ಎಲ್ಲ ತಿನ್ನುತ್ತಾರೆ, ಬೀಫ್ ಮಾತ್ರ ಮುಟ್ಟಲ್ಲ. ಅಮ್ಮನಿಗೆ ಮೀನು ಇದ್ದರೆ ಸಾಕು. ಅತ್ತಿಗೆ ಶಿವಮೊಗ್ಗದವರು, ಮೊಟ್ಟೆ ತಿನ್ನುತ್ತಾರೆ, ಅದಕ್ಕಿಂತ ಮುಂದೆ ಇಲ್ಲ. ರೂಲ್ಸ್ ಅಂತ ಒಂದು ಹೆಸರು ಎಲ್ಲರೂ ಹೇಳುತ್ತಾರೆ. ಅಷ್ಟು ದುಡ್ಡು ಕೊಟ್ಟು ಹೋಗೋಕೆ ತಕ್ಕದ್ದಾ, ಅಥವಾ ಟೂರಿಸ್ಟ್‌ಗಳಿಗೆ ಅಂತಾನೇ ಇರೋ ಜಾಗವಾ? ಹೋದವರು ಇದ್ದರೆ ದಯವಿಟ್ಟು ಹೇಳಿ.

ಥೇಮ್ಸ್_ದಂಡೆ:

ಖಂಡಿತ ಹೋಗಿ. ನಿಮ್ಮ ತಂದೆಯವರ ಆಸೆಗೆ ಲಂಡನ್‌ನಲ್ಲಿ ಅದಕ್ಕಿಂತ ಸರಿಯಾದ ಜಾಗ ನನಗೆ ಹೊಳೆಯುತ್ತಿಲ್ಲ.

ಕೋವೆಂಟ್ ಗಾರ್ಡನ್ ಹತ್ತಿರ ಮೇಡನ್ ಲೇನ್ ಅಂತ ಒಂದು ಸಣ್ಣ ಬೀದಿ ಇದೆ, ಅಲ್ಲೇ ಇದು. 1798ರಲ್ಲಿ ಥಾಮಸ್ ರೂಲ್ ಅನ್ನುವವರು ಆಯ್ಸ್ಟರ್ (ಸಮುದ್ರದ ಚಿಪ್ಪುಜೀವಿ) ಅಂಗಡಿಯಾಗಿ ಶುರು ಮಾಡಿದ್ದು. ಇಷ್ಟು ವರ್ಷದಲ್ಲಿ ಮೂರೇ ಕುಟುಂಬಗಳ ಕೈಯಲ್ಲಿ ಇದ್ದಿದೆ. ಮೊದಲು ರೂಲ್, ಆಮೇಲೆ ಬೆಲ್, 1984ರಿಂದ ಜಾನ್ ಮೇಹ್ಯೂ. ಡಿಕನ್ಸ್ ಬಂದು ಕೂರುತ್ತಿದ್ದ ಜಾಗ. ರಾಜಕುಮಾರ ಆಗಿದ್ದಾಗ ಏಳನೇ ಎಡ್ವರ್ಡ್, ನಟಿ ಲಿಲ್ಲಿ ಲ್ಯಾಂಗ್‌ಟ್ರಿ ಜೊತೆ ಬಂದರೆ ಯಾರಿಗೂ ಕಾಣಬಾರದು ಅಂತ ಬೇರೆ ಬಾಗಿಲೇ ಇತ್ತು. 1971ರಲ್ಲಿ ಕೋವೆಂಟ್ ಗಾರ್ಡನ್ ಸುತ್ತಮುತ್ತ ಒಡೆದು ಹೊಸದಾಗಿ ಕಟ್ಟುವ ಯೋಜನೆಯಲ್ಲಿ ಇದೂ ಹೋಗಬೇಕಿತ್ತು, ಕವಿ ಜಾನ್ ಬೆಟ್ಜಮನ್ ಇದರ ಪರ ಬರೆದರು, ಉಳಿಯಿತು. ಒಳಗೆ ಕೆಂಪು ಮೆತ್ತೆಯ ಬೆಂಚುಗಳು, ಗೋಡೆ ತುಂಬಾ ಹಳೇ ಚಿತ್ರಗಳು, ಕಾರ್ಟೂನ್‌ಗಳು, ಜಿಂಕೆ ಕೊಂಬುಗಳು. ಒಂದು ಇಂಚೂ ಖಾಲಿ ಬಿಟ್ಟಿಲ್ಲ.

ಟೂರಿಸ್ಟ್‌ಗಳು ಬರುತ್ತಾರೆ, ನಿಜ. ಆದರೆ ಬೇಟೆ ಹಕ್ಕಿಯ ಅಡುಗೆ ಅವರಿಗೆ ತೋರಿಕೆಯದ್ದಲ್ಲ. ಅದೇ ಆ ಮನೆಯ ಜೀವ.

ನೀವು ಬರುವ ಸಮಯವೂ ಚೆನ್ನಾಗಿದೆ. ಗ್ರೌಸ್ ಅನ್ನುವ ಬೆಟ್ಟದ ಹಕ್ಕಿಯ ಬೇಟೆ ಸೀಸನ್ ಆಗಸ್ಟ್ 12ಕ್ಕೆ ಶುರುವಾಗಿ ಡಿಸೆಂಬರ್ 10ಕ್ಕೆ ಮುಗಿಯುತ್ತದೆ. ಕೌಜುಗ ಸೆಪ್ಟೆಂಬರ್ 1ರಿಂದ, ಫೆಸೆಂಟ್ (ಕಾಡುಕೋಳಿ ಥರದ ಹಕ್ಕಿ) ಅಕ್ಟೋಬರ್ 1ರಿಂದ, ಎರಡೂ ಫೆಬ್ರವರಿ 1ರವರೆಗೆ. ಅಂದರೆ ಅಕ್ಟೋಬರ್ ಕೊನೆಯಲ್ಲಿ ಮೂರೂ ಸಿಗುವ ಕಾಲ. ಅಪ್ಪನಿಗೆ ಗ್ರೌಸ್ ಹೇಳಿ. ಫೆಸೆಂಟ್ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತಾರೆ, ರೆಡ್ ಗ್ರೌಸ್ ಹಾಗಲ್ಲ, ಅದು ಬೆಟ್ಟದ ಮೇಲಿನ ಹೆದರ್ ಕುರುಚಲು ತಿಂದು ತಾನಾಗಿ ಬೆಳೆಯುವ ಹಕ್ಕಿ. ಆ ಕಹಿ, ಆ ಕಾಡಿನ ವಾಸನೆ ಮಾಂಸದಲ್ಲೇ ಇರುತ್ತದೆ. ಕಾಡು ಕಂಡವರಿಗೆ ಒಂದು ತುತ್ತಿಗೇ ಗೊತ್ತಾಗುತ್ತದೆ.

ತಟ್ಟೆಗೆ ಬರೋದು ಇಡೀ ಹಕ್ಕಿ, ಒಬ್ಬರಿಗೆ ಒಂದು. ಎದೆಯ ಮಾಂಸ ಒಳಗೆ ಕೆಂಪಗೇ ಇರುತ್ತದೆ, ಬೆಂದಿಲ್ಲ ಅಂದುಕೊಳ್ಳಬೇಡಿ, ಜಾಸ್ತಿ ಬೇಯಿಸಿದರೆ ಒಣಗಿ ಕಹಿ ಇನ್ನೂ ಏರುತ್ತದೆ. ಜೊತೆಗೆ ತೆಳ್ಳಗೆ ಕರಿದ ಆಲೂಗಡ್ಡೆ, ರೆಡ್‌ಕರಂಟ್ ಹಣ್ಣಿನ ಜೆಲ್ಲಿ, ಆಮೇಲೆ ಬ್ರೆಡ್ ಸಾಸ್. ಈ ಬ್ರೆಡ್ ಸಾಸ್ ಅನ್ನೋದು ಹಾಲಿನಲ್ಲಿ ಈರುಳ್ಳಿ, ಲವಂಗ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ, ಬ್ರೆಡ್ ಪುಡಿ ಹಾಕಿ ಗಟ್ಟಿ ಮಾಡಿದ್ದು. ನೋಡೋಕೆ ಏನೂ ಇಲ್ಲ, ಬೆಳ್ಳಗೆ ಗಂಜಿ ಥರ. ಆದರೆ ಆ ಕಹಿ ಮಾಂಸದ ಜೊತೆ ಬಾಯಿಗಿಟ್ಟಾಗ ಲವಂಗದ ಘಮ ಮೆಲ್ಲಗೆ ಮೇಲೆ ಬರುತ್ತದೆ, ಇದನ್ನು ಯಾಕೆ ಇಟ್ಟಿದ್ದಾರೆ ಅಂತ ಆಗ ತಿಳಿಯುತ್ತದೆ. ಅಪ್ಪ ಅದನ್ನು ಪಕ್ಕಕ್ಕೆ ತಳ್ಳದ ಹಾಗೆ ನೋಡಿಕೊಳ್ಳಿ.

ಹಕ್ಕಿ ಗುಂಡಿಗೆ ಬಿದ್ದದ್ದು, ಹಾಗಾಗಿ ಒಮ್ಮೊಮ್ಮೆ ಸೀಸದ ಚೂರು ಮಾಂಸದಲ್ಲಿ ಉಳಿದಿರುತ್ತದೆ. ಮೆಲ್ಲಗೆ ಅಗಿಯಬೇಕು. ನಿಮ್ಮ ಅಪ್ಪನಿಗೆ ಇದನ್ನು ನೀವು ಹೇಳಿಕೊಡಬೇಕಾಗಿಲ್ಲ ಬಿಡಿ.

ಇಂಗು_ತೆಂಗು:

ಮೇಲಿನವರು ಹೇಳಿದ್ದು ಸರಿ, ಆದರೆ ಮನೆ ಮಂದಿಯೆಲ್ಲ ಅಲ್ಲಿಗೇ ಯಾಕೆ ಹೋಗಬೇಕು? ಒಬ್ಬರಿಗೆ 80-100 ಪೌಂಡ್ ಸುಲಭವಾಗಿ ಆಗುತ್ತದೆ. ಅಮ್ಮನಿಗೆ ಮೀನು ಇಷ್ಟ ಅಂದಿರಲ್ಲ, ಅವರನ್ನು ಒಂದು ಮಧ್ಯಾಹ್ನ ಸ್ವೀಟಿಂಗ್ಸ್ ಅನ್ನುವ ಮೀನಿನ ಹೋಟೆಲ್‌ಗೆ ಕರೆದುಕೊಂಡು ಹೋಗಿ. ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್‌ನಲ್ಲಿದೆ, 1889ರಿಂದ ಅಲ್ಲೇ. ಬರೀ ಮಧ್ಯಾಹ್ನದ ಊಟ, ಶನಿವಾರ-ಭಾನುವಾರ ಇಲ್ಲ, ಬುಕಿಂಗ್ ಕೂಡ ಇಲ್ಲ, ಬೇಗ ಹೋದವರಿಗೆ ಜಾಗ. ಕೌಂಟರ್ ಮುಂದೆ ಎತ್ತರದ ಸ್ಟೂಲ್ ಮೇಲೆ ಕೂತು ತಿನ್ನೋದೇ ಚೆಂದ. ಸಣ್ಣ ಸಿಗಡಿಯನ್ನು ಜಾಪತ್ರೆ ಹಾಕಿದ ಬೆಣ್ಣೆಯಲ್ಲಿ ಮುಚ್ಚಿಟ್ಟ ಪಾಟೆಡ್ ಶ್ರಿಂಪ್ಸ್ ತಗೊಂಡು ಬಿಸಿ ಟೋಸ್ಟ್ ಮೇಲೆ ಹಚ್ಚಿ ಕೊಡಿ ಅವರಿಗೆ. ನಮ್ಮ ಕಡೆ ಬಾಯಿಗೆ ಒಪ್ಪುವ ರುಚಿ ಅದು.

ಸಿಂಪ್ಸನ್ಸ್ ಇನ್ ದ ಸ್ಟ್ರ್ಯಾಂಡ್ ಕೂಡ ಹೆಸರಾದ ಹಳೇ ಹೋಟೆಲ್. 1828ರಲ್ಲಿ ಚೆಸ್ ಆಡುವವರ ಕಾಫಿ ಮನೆಯಾಗಿ ಶುರುವಾಗಿದ್ದು, ಆಟಗಾರರಿಗೆ ಅಡ್ಡಿ ಆಗಬಾರದು ಅಂತ ಮಾಂಸವನ್ನು ಗಾಲಿ ಬಂಡಿಯಲ್ಲಿ ಟೇಬಲ್‌ವರೆಗೆ ತಂದು ಬೆಳ್ಳಿ ಮುಚ್ಚಳ ತೆಗೆದು ಎದುರಿಗೇ ಕೊಯ್ದು ಕೊಡುವ ರೂಢಿ ಬಂತು. ಜರ್ಮನಿಯ ಆಟಗಾರ ಆಂಡರ್ಸನ್ 1851ರಲ್ಲಿ ಆಡಿದ, 'ಇಮ್ಮಾರ್ಟಲ್ ಗೇಮ್' ಅಂತ ಹೆಸರಾದ ಚೆಸ್ ಆಟ ಅಲ್ಲಿಯದ್ದೇ. 2020ರಲ್ಲಿ ಬಾಗಿಲು ಹಾಕಿದಾಗ ಹೊಟ್ಟೆ ಉರಿಯಿತು. ಏನೇ ಆದರೂ ಅಲ್ಲಿನ ಹೆಸರು ಇದ್ದದ್ದು ಬೀಫ್‌ಗೆ, ನಿಮಗೆ ಆಗಿಬರುವುದಲ್ಲ.

ಬಾಣಲೆ_ಬೆಂಗಳೂರು:

ನಾನು ಲಂಡನ್‌ನ ಹೋಟೆಲ್ ಒಂದರ ಅಡುಗೆಮನೆಯಲ್ಲಿ ಇದ್ದೀನಿ, ಇಂಗ್ಲಿಷ್ ಅಡುಗೆಯೇ ನನ್ನ ಕೆಲಸ. ಬೀಫ್ ವಿಷಯ ಯಾರೂ ಬಿಡಿಸಿ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೀನಿ.

ಬೀಫ್ ಬೇಡ ಅಂದರೆ ವೇಟರ್ ಬೀಫ್ ಡಿಶ್ ಬಿಟ್ಟು ಬೇರೆ ತರುತ್ತಾರೆ, ಅಷ್ಟೇ. ಹಳೇ ಇಂಗ್ಲಿಷ್ ಅಡುಗೆಯಲ್ಲಿ ಅದು ಕಾಣದ ಕಡೆ ಜಾಸ್ತಿ ಇರುತ್ತದೆ. ಯಾರ್ಕ್‌ಶೈರ್ ಪುಡಿಂಗ್ ಅನ್ನು ರೂಢಿಯಾಗಿ ಡ್ರಿಪ್ಪಿಂಗ್‌ನಲ್ಲಿ ಬೇಯಿಸುತ್ತಾರೆ, ಅಂದರೆ ಬೀಫ್ ಕೊಬ್ಬು. ರೋಸ್ಟ್ ಆಲೂಗಡ್ಡೆ, ಚಿಪ್ಸ್ ಕೂಡ ಎಷ್ಟೋ ಕಡೆ ಅದರಲ್ಲೇ. ಹಬೆಯಲ್ಲಿ ಬೇಯಿಸಿದ ಪುಡಿಂಗ್‌ಗಳಿಗೆ ಸೂಯೆಟ್ ಹಾಕುತ್ತಾರೆ, ಅದು ದನದ ಮೂತ್ರಪಿಂಡದ ಸುತ್ತ ಇರುವ ಕೊಬ್ಬು. ಸ್ಪಾಟೆಡ್ ಡಿಕ್ ಸಿಹಿ ತಿಂಡಿ ಅಲ್ವಾ ಅಂತ ಸಸ್ಯಾಹಾರಿಗಳು ಧೈರ್ಯವಾಗಿ ತಿಂದುಬಿಡುತ್ತಾರೆ, ಅದರಲ್ಲೂ ಇದೇ. ಎಲ್ಲಕ್ಕಿಂತ ಮುಖ್ಯ, ಗ್ರೌಸ್ ಮೇಲೆ ಸುರಿಯುವ ಗ್ರೇವಿಗೆ ಬಹಳ ಅಡುಗೆಮನೆಗಳಲ್ಲಿ ಕರುವಿನ ಮೂಳೆ ಕುದಿಸಿ ತೆಗೆದ ರಸ, ಅಂದರೆ ಸ್ಟಾಕ್, ಆಧಾರ. ಹಕ್ಕಿ ಹಕ್ಕಿಯೇ, ಸಾಸ್ ಹಾಗಲ್ಲ.

ಅತ್ತಿಗೆಯವರಿಗೂ ಇದೇ ಮಾತು. ವೆಲ್ಷ್ ರೇರ್‌ಬಿಟ್ ಅಂದರೆ ಟೋಸ್ಟ್ ಮೇಲೆ ಚೀಸ್, ನೋಡೋಕೆ ಶುದ್ಧ ಸಸ್ಯಾಹಾರ, ಆದರೆ ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಟ್ರೈಫಲ್ ಅನ್ನುವ ಸಿಹಿಯ ಜೆಲ್ಲಿಯಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಲೆಮನ್ ಪಾಸೆಟ್ ಇದ್ದರೆ ಅದು ಒಳ್ಳೇದು, ಕೆನೆ, ಸಕ್ಕರೆ, ನಿಂಬೆರಸ ಅಷ್ಟೇ, ಹುಳಿಗೇ ಕೆನೆ ಗಟ್ಟಿಯಾಗುತ್ತದೆ.

ಇಲ್ಲಿನ ಕಾನೂನು 14 ಅಲರ್ಜಿ ಪದಾರ್ಥಗಳ ಬಗ್ಗೆ ಕೇಳಿದರೆ ಹೇಳಲೇಬೇಕು ಅನ್ನುತ್ತದೆ. ಮೀನು, ಹಾಲು, ಮೊಟ್ಟೆ ಎಲ್ಲ ಆ ಪಟ್ಟಿಯಲ್ಲಿದೆ, ಬೀಫ್ ಇಲ್ಲ. ಅದಕ್ಕೇ ಬಡಿಸುವವರ ಕೈಯಲ್ಲಿರುವ ಹಾಳೆಯಲ್ಲಿ ಅದು ಬರೆದಿರುವುದಿಲ್ಲ, ಷೆಫ್‌ನ ಕೇಳಿಯೇ ಹೇಳಬೇಕು. ರಾತ್ರಿ ಎಂಟು ಗಂಟೆಗೆ ಅಡುಗೆಮನೆ ಕುದಿಯುತ್ತಿರುವಾಗ ಕೇಳಿದರೆ ಅವಸರದ ಉತ್ತರ ಬರುತ್ತದೆ. ಬುಕ್ ಮಾಡುವಾಗಲೇ ಇಮೇಲ್ ಹಾಕಿ. ಧಾರ್ಮಿಕ ಕಾರಣಕ್ಕೆ ಬೀಫ್, ಕರುವಿನ ಮಾಂಸ ಬೇಡ, ಡ್ರಿಪ್ಪಿಂಗ್, ಸೂಯೆಟ್, ಸ್ಟಾಕ್ ಕೂಡ ಬೇಡ ಅಂತ ಹೆಸರು ಹಿಡಿದು ಬರೆಯಿರಿ. ಮೊದಲೇ ಗೊತ್ತಿದ್ದರೆ ಕೋಳಿ ಸ್ಟಾಕ್‌ನಲ್ಲಿ ಬೇರೆ ಸಾಸ್ ಮಾಡೋದು ಯಾವ ಒಳ್ಳೇ ಅಡುಗೆಯವನಿಗೂ ಕಷ್ಟ ಅಲ್ಲ. ನಮಗೂ ಹಾಗೆ ಹೇಳಿದವರ ಮೇಲೆ ಗೌರವವೇ ಬರುತ್ತದೆ.

ಕಾಫಿತೋಟದ_ಹುಡುಗಿ:

ಸ್ಟಾಕ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ತುಂಬಾ ಥ್ಯಾಂಕ್ಸ್. ಇಮೇಲ್ ಇವತ್ತೇ ಹಾಕುತ್ತೀನಿ. ಇನ್ನೆರಡು ಕೇಳಲಾ? ಅಪ್ಪ ಕೋಟು ಹಾಕಲೇಬೇಕಾ? ಮತ್ತೆ ಅಣ್ಣ ಪೈ ಅಂಡ್ ಮ್ಯಾಶ್ (ಮಾಂಸ ತುಂಬಿದ ಪೈ, ಹಿಸುಕಿದ ಆಲೂಗಡ್ಡೆ) ಅಂಗಡಿಗೂ ಹೋಗೋಣ ಅನ್ನುತ್ತಿದ್ದಾನೆ, ಅವನೂ ಬೀಫ್ ತಿನ್ನಲ್ಲ.

ಥೇಮ್ಸ್_ದಂಡೆ:

ಕೋಟು ಕಡ್ಡಾಯ ಅಲ್ಲ, ಚಡ್ಡಿ ಹಾಕಿಕೊಂಡು ಹೋಗಬಾರದು ಅಷ್ಟೇ. ಆದರೆ ಅಪ್ಪನಿಗೆ ಹಾಕೋ ಮನಸ್ಸಿದ್ದರೆ ಹಾಕಲಿ, ಆ ಜಾಗಕ್ಕೆ ಒಪ್ಪುತ್ತದೆ.

ಪೈ ಅಂಗಡಿಗಳಲ್ಲಿ ಟವರ್ ಬ್ರಿಡ್ಜ್ ರೋಡ್‌ನ ಮಾಂಝಿ ನೋಡಲೇಬೇಕಾದದ್ದು, 1902ರಿಂದ ಇದೆ, ಹಸಿರು-ಬಿಳಿ ಟೈಲ್ಸ್, ಮಾರ್ಬಲ್ ಟೇಬಲ್, ಮರದ ಬೆಂಚು. ಆದರೆ ಅಲ್ಲಿನ ಮೂಲ ಪೈ ಒಳಗೆ ಇರುವುದು ಬೀಫ್ ಖೀಮಾ. ಮೇಲೆ ಸುರಿಯುವ ಹಸಿರು ಲಿಕರ್‌ನಲ್ಲಿ ಮದ್ಯ ಇಲ್ಲ, ಅದು ಪಾರ್ಸ್ಲಿ ಸೊಪ್ಪಿನ ಸಾಸ್, ಹಿಂದೆ ಹಾವುಮೀನು ಬೇಯಿಸಿದ ನೀರಿನಲ್ಲೇ ಮಾಡುತ್ತಿದ್ದರು. ಅಣ್ಣನಿಗೆ ಮ್ಯಾಶ್, ಹಾವುಮೀನು ಆಗುತ್ತೆ ಅಂದರೆ ಹೋಗಲಿ.

ಬಾಣಲೆ_ಬೆಂಗಳೂರು:

ಬಿಲ್ ಬಗ್ಗೆ ಒಂದು ಮಾತು. ಲಂಡನ್‌ನಲ್ಲಿ ಸಾಮಾನ್ಯವಾಗಿ 12.5% ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ, ಅದರ ಮೇಲೆ ಮತ್ತೆ ಟಿಪ್ ಇಡಬೇಕಾಗಿಲ್ಲ. ಬೇಡ ಅಂದರೆ ತೆಗೆಸಬಹುದು, ಆದರೆ ಅಕ್ಟೋಬರ್ 2024ರಿಂದ ಆ ದುಡ್ಡು ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನಾಗಿದೆ, ಊಟ ಚೆನ್ನಾಗಿದ್ದರೆ ಕೊಟ್ಟುಬಿಡಿ. ನೀರು ಕೇಳುವಾಗ ಟ್ಯಾಪ್ ವಾಟರ್ ಅಂತಲೇ ಹೇಳಿ, ಇಲ್ಲದಿದ್ದರೆ ಬಾಟಲಿ ಬರುತ್ತದೆ, ಐದು ಜನಕ್ಕೆ ಅದೇ ಒಂದು ಮೊತ್ತ ಆಗುತ್ತದೆ. ಇಮೇಲ್‌ಗೆ ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಸಾಸ್ ಬಗ್ಗೆ ಏನಾದರೂ ಅನುಮಾನ ಇದ್ದರೆ ನೋಡಿ ಹೇಳುತ್ತೀನಿ.