‘ಈಸ್ಟರ್ನ್ ಪ್ರಾಮಿಸಸ್’ ಚಿತ್ರವನ್ನು ಬಳಗದೊಡನೆ ಕೂತು ನೋಡಬಹುದೇ? ನೋಡಿದವರ ಅನುಭವಗಳು

ಕೇಳಿದವರು, ಮೈಸೂರು:
ನಮ್ಮ ಬಡಾವಣೆಯ ಚಿತ್ರಾಸಕ್ತರ ಬಳಗ ತಿಂಗಳಿಗೊಂದು ವಿದೇಶಿ ಚಿತ್ರವನ್ನು ನೋಡಿ ಚರ್ಚಿಸುತ್ತದೆ. ಮುಂದಿನ ಬಾರಿಗೆ ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶನದ, ಲಂಡನ್‌ನ ರಷ್ಯನ್ ಮಾಫಿಯಾ ಕುರಿತಾದ 2007ರ ‘ಈಸ್ಟರ್ನ್ ಪ್ರಾಮಿಸಸ್’ ಅನ್ನು ಒಬ್ಬರು ಸೂಚಿಸಿದ್ದಾರೆ. ಅದು ಬರೀ ರಕ್ತಪಾತ ಎಂದು ಇನ್ನೊಬ್ಬರು ಬಲವಾಗಿ ವಿರೋಧಿಸುತ್ತಿದ್ದಾರೆ. ನಮ್ಮಲ್ಲಿ ನಿವೃತ್ತರೂ ಇದ್ದಾರೆ, ಕಾಲೇಜಿನಲ್ಲಿ ಓದುತ್ತಿರುವವರೂ ಇದ್ದಾರೆ. ನೋಡಿದವರು ಕಥೆಯ ಗುಟ್ಟನ್ನು ಬಿಟ್ಟುಕೊಡದೆ ಸಲಹೆ ನೀಡಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ:
ತೋರಿಸಿ ಎಂಬುದೇ ನನ್ನ ಸಲಹೆ. ಆದರೆ ತೆರೆಯ ಮೇಲೆ ಏನು ಬರಲಿದೆ ಎಂಬುದನ್ನು ಎಲ್ಲರಿಗೂ ಮೊದಲೇ ತಿಳಿಸಿಬಿಡಿ. ಸುಮಾರು ಒಂದು ಗಂಟೆ ನಲವತ್ತು ನಿಮಿಷಗಳ ಈ ಚಿತ್ರದಲ್ಲಿ ಮುಖ ತಿರುಗಿಸಬೇಕೆನಿಸುವ ಸನ್ನಿವೇಶಗಳು ಬೆರಳೆಣಿಕೆಯಷ್ಟು, ಆದರೆ ಅವು ಕಾದು ಬರುವುದಿಲ್ಲ. ಕ್ಷೌರದಂಗಡಿಯಲ್ಲಿ ಕತ್ತು ಕೊಯ್ಯುವುದರಿಂದಲೇ ಕಥೆ ಶುರುವಾಗುತ್ತದೆ. ಅದರ ಬೆನ್ನಿಗೇ ಹದಿನಾಲ್ಕು ವರ್ಷದ ಗರ್ಭಿಣಿ ಹುಡುಗಿಯೊಬ್ಬಳು ಔಷಧದಂಗಡಿಯಲ್ಲಿ ರಕ್ತಸ್ರಾವದಿಂದ ಕುಸಿದು ಬೀಳುತ್ತಾಳೆ. ಮುಂದೆ ಗುರುತು ಸಿಗದಿರಲೆಂದು ಶವದ ಬೆರಳುಗಳನ್ನು ಕತ್ತರಿಸುವ ದೃಶ್ಯವಿದೆ, ಸ್ಮಶಾನದಲ್ಲೊಂದು ಕೊಲೆಯಿದೆ, ಕೊನೆಗೆ ಎಲ್ಲರೂ ನೆನೆಯುವ ಹಬೆಸ್ನಾನದ ಮನೆಯ ಹೊಡೆದಾಟ ಬರುತ್ತದೆ.

ಇಡೀ ಚಿತ್ರದಲ್ಲಿ ಒಂದೇ ಒಂದು ಬಂದೂಕಿಲ್ಲ. ಕೊಲ್ಲುವವನು ಸಾಯುವವನ ಉಸಿರು ತಾಕುವಷ್ಟು ಹತ್ತಿರ ಬರಲೇಬೇಕು ಮತ್ತು ಆ ಹತ್ತಿರದಲ್ಲೇ ನೋಡುವವರನ್ನೂ ನಿಲ್ಲಿಸಬೇಕು ಎಂಬುದು ನಿರ್ದೇಶಕರು ತಿಳಿದೇ ಮಾಡಿದ ಆಯ್ಕೆಯೆಂದು ನಾನು ನಂಬಿದ್ದೇನೆ. ಸ್ನಾನದ ಮನೆಯಲ್ಲಿ ಮಾಫಿಯಾ ಕುಟುಂಬದ ಕಾರು ಚಾಲಕ ನಿಕೊಲಾಯ್ ಪಾತ್ರದ ವಿಗ್ಗೊ ಮಾರ್ಟೆನ್ಸನ್ ಮೈಮೇಲೆ ಬಟ್ಟೆಯಿಲ್ಲದೆ, ಬಾಗಿದ ಚಾಕು ಹಿಡಿದು ಬಂದ ಇಬ್ಬರನ್ನು ಬರಿಗೈಯಲ್ಲಿ ಎದುರಿಸುತ್ತಾರೆ. ಪ್ರತಿ ಗಾಯವೂ ನೋವಾಗಿಯೇ ಕಾಣುತ್ತದೆ, ಸಾಹಸವಾಗಿ ಕಾಣುವುದಿಲ್ಲ. ಆ ಪಾತ್ರಕ್ಕಾಗಿ ಅವರು ರಷ್ಯಕ್ಕೆ ಹೋಗಿ ಸುತ್ತಾಡಿದ್ದರು, ಅಲ್ಲಿನ ಜೈಲುಗಳ ಹಚ್ಚೆಗಳನ್ನು ಅಭ್ಯಾಸ ಮಾಡಿದ್ದರು. ‘ವೋರಿ ವ್ ಝಕೋನೆ’ ಎಂಬ ಕಳ್ಳರ ಪಂಗಡದಲ್ಲಿ ಮೈಮೇಲಿನ ಹಚ್ಚೆಯೇ ಒಬ್ಬನ ಜೀವನಚರಿತ್ರೆ. ಮಂಡಿಯ ಮೇಲಿನ ನಕ್ಷತ್ರವೆಂದರೆ ಅವನು ಯಾರ ಮುಂದೆಯೂ ಮಂಡಿಯೂರುವವನಲ್ಲ ಎಂದರ್ಥ. ಹಿರಿಯರ ಮುಂದೆ ನಿಕೊಲಾಯ್ ಒಳ ಉಡುಪಿನಲ್ಲಿ ನಿಂತು ತನ್ನ ಚರ್ಮವನ್ನೇ ಸಾಕ್ಷಿಯಾಗಿ ಒಪ್ಪಿಸುವ ದೃಶ್ಯ ನನಗೆ ಹೊಡೆದಾಟಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಮಾರ್ಟೆನ್ಸನ್ ಈ ಪಾತ್ರಕ್ಕೆ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಸಾಮಾನ್ಯ ಪ್ರೇಕ್ಷಕರೇ ಮತ ಹಾಕಿ ಆರಿಸುವ ಟೊರೊಂಟೊ ಚಿತ್ರೋತ್ಸವದ ಪ್ರಶಸ್ತಿಯೂ 2007ರಲ್ಲಿ ಈ ಚಿತ್ರಕ್ಕೇ ಬಂದಿತು ಎಂಬುದನ್ನು ವಿರೋಧಿಸುತ್ತಿರುವ ನಿಮ್ಮ ಸ್ನೇಹಿತರಿಗೆ ತಿಳಿಸಬಹುದು.

ಮಂಗಳೂರಿನಿಂದ, ಹೆರಿಗೆ ವಾರ್ಡಿನ ನರ್ಸ್:
ರಕ್ತದ ಬಗ್ಗೆ ಮಾತ್ರ ಎಚ್ಚರಿಸಿದರೆ ಸಾಲದು. ಪ್ರಾಣ ಬಿಟ್ಟ ಆ ಹುಡುಗಿ ತತ್ಯಾನಾಳ ದಿನಚರಿಯನ್ನು ಅವಳದೇ ದನಿಯಲ್ಲಿ ಆಗಾಗ ಕೇಳಿಸುತ್ತಾರೆ. ಒಳ್ಳೆಯ ಬದುಕಿನ ಆಸೆ ಹೊತ್ತು ಊರು ಬಿಟ್ಟು ಬಂದವಳು ಯಾರ ಕೈಗೆ ಸಿಕ್ಕಳು ಎಂಬುದು ಅದರಿಂದ ತಿಳಿಯುತ್ತಾ ಹೋಗುತ್ತದೆ. ನವೋಮಿ ವಾಟ್ಸ್ ಮಾಡಿರುವ ಸೂಲಗಿತ್ತಿ ಆನಾ, ಮಗುವಿನ ಬಂಧುಗಳನ್ನು ಹುಡುಕಲೆಂದು ಆ ದಿನಚರಿ ಹಿಡಿದು ಹೊರಟು ಮಾಫಿಯಾದ ಬಾಗಿಲಿಗೇ ಬಂದು ನಿಲ್ಲುತ್ತಾಳೆ. ತಾಯಿ ಉಳಿಯದೆ ಮಗು ಮಾತ್ರ ಉಳಿದ ರಾತ್ರಿಗಳನ್ನು ಕಂಡಿರುವ ನನಗೆ ಆನಾಳ ಹಟ ಬಹಳ ನಿಜವೆನಿಸಿತು. ಆದರೆ ವೇಶ್ಯಾಗೃಹದಲ್ಲಿ, ತನ್ನ ನಿಷ್ಠೆ ತೋರಿಸಲು ಹುಡುಗಿಯೊಬ್ಬಳನ್ನು ಬಳಸಿಕೊಳ್ಳುವಂತೆ ನಿಕೊಲಾಯ್‌ಗೆ ಆಜ್ಞೆಯಾಗುವ ದೃಶ್ಯವಿದೆ. ನನ್ನೊಡನೆ ನೋಡುತ್ತಿದ್ದ ಗೆಳತಿ ಅಲ್ಲಿಗೇ ಎದ್ದು ಹೋದಳು. ಅವಳು ಎದ್ದದ್ದು ಸರಿಯೆಂದೇ ನನಗೆ ಈಗಲೂ ಅನಿಸುತ್ತದೆ. ನಿಮ್ಮ ಬಳಗದಲ್ಲಿ ಹೆಣ್ಣುಮಕ್ಕಳಿದ್ದರೆ ಇದನ್ನು ಮುಚ್ಚಿಡಬೇಡಿ.

ಲಂಡನ್‌ನಲ್ಲಿ ನೆಲೆಸಿರುವ ಕನ್ನಡಿಗರು:
ನಾನು ಮೇಲಿನ ಇಬ್ಬರನ್ನೂ ಒಪ್ಪುವುದಿಲ್ಲ. ಮಾರ್ಟೆನ್ಸನ್ ಡ್ಯಾನಿಶ್ ಮೂಲದ ಅಮೆರಿಕದವರು, ಮಾಫಿಯಾ ಯಜಮಾನನ ಮಗ ಕಿರಿಲ್ ಆಗಿ ನಟಿಸಿದ ವಿನ್ಸೆಂಟ್ ಕ್ಯಾಸೆಲ್ ಫ್ರೆಂಚರು, ಆ ಯಜಮಾನ ಸೆಮ್ಯೋನ್ ಆಗಿರುವ ಆರ್ಮಿನ್ ಮುಲ್ಲರ್ ಸ್ಟಾಲ್ ಜರ್ಮನ್ನರು. ಮುಖ್ಯ ಪಾತ್ರಗಳಲ್ಲಿ ರಷ್ಯನ್ನರೇ ಇಲ್ಲದ ಈ ರಷ್ಯದಲ್ಲಿ ಬೋರ್ಷ್ ಸಾರು, ಪಿಟೀಲು, ಹಚ್ಚೆ, ಚಾಕು ಬಿಟ್ಟರೆ ಇನ್ನೇನಿದೆ? ಇಲ್ಲಿ ದುಡಿದು ಬದುಕುವ ಸಾವಿರಾರು ರಷ್ಯನ್ ಕುಟುಂಬಗಳನ್ನು ಇಂಥ ಚಿತ್ರಗಳು ಕಣ್ಣಿಗೆ ಬೀಳದಂತೆ ಮಾಡಿಬಿಡುತ್ತವೆ. ಚಿತ್ರೀಕರಣ ನಡೆಯುತ್ತಿದ್ದ 2006ರ ನವೆಂಬರ್‌ನಲ್ಲಿಯೇ ರಷ್ಯದ ಮಾಜಿ ಗೂಢಚಾರ ಅಲೆಕ್ಸಾಂಡರ್ ಲಿಟ್ವಿನೆಂಕೊ ಇದೇ ನಗರದಲ್ಲಿ ಪೊಲೋನಿಯಂ ವಿಷದಿಂದ ಸತ್ತದ್ದರಿಂದ ಜನ ಇದನ್ನು ನಿಜದ ವರದಿಯಂತೆ ನೋಡಿದರು. ಕೊನೆಯ ತಿರುವಿನ ವಿಷಯವನ್ನು ಹೇಳುವುದಿಲ್ಲ, ಆದರೆ ಅದು ಅದುವರೆಗಿನ ಕತ್ತಲೆಯನ್ನು ಹಗುರ ಮಾಡಿತೆಂಬುದೇ ನನ್ನ ಆಕ್ಷೇಪ. ರಷ್ಯನ್ನರೇ ತಮ್ಮ ಅಪರಾಧಲೋಕವನ್ನು ಹೇಗೆ ಕಂಡರೆಂದು ತಿಳಿಯಬೇಕಿದ್ದರೆ ಅಲೆಕ್ಸೇಯ್ ಬಾಲಬಾನೊವ್ ಅವರ 1997ರ ‘ಬ್ರಾತ್’ ನೋಡಿ. ಸೈನ್ಯದಿಂದ ಮರಳಿದ ಯುವಕನೊಬ್ಬ ಪೀಟರ್ಸ್‌ಬರ್ಗ್‌ನಲ್ಲಿರುವ ಅಣ್ಣನನ್ನು ಹುಡುಕಿಕೊಂಡು ಹೋಗಿ ಕೊಲೆಗಾರನಾಗುವ ಕಥೆಯದು. ಅದರಲ್ಲೂ ಒಪ್ಪಲಾಗದ ಮಾತುಗಳಿವೆ, ಆದರೆ ಅದು ಒಳಗಿನವರ ಚಿತ್ರ.

ಬೆಂಗಳೂರಿನಿಂದ, ವಿದ್ಯಾರ್ಥಿ:
ಮಚ್ಚು, ಲಾಂಗುಗಳ ಕನ್ನಡ ಚಿತ್ರಗಳನ್ನು ನೋಡುತ್ತಾ ಬೆಳೆದವನು ನಾನು. ಅಲ್ಲಿ ನಾಯಕ ಬೀಸಿದಾಗ ನಾವು ಶಿಳ್ಳೆ ಹೊಡೆಯುತ್ತೇವೆ. ಈ ಚಿತ್ರ ನೋಡುವಾಗ ನಮ್ಮ ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ. ಆ ವ್ಯತ್ಯಾಸವನ್ನೇ ನಿಮ್ಮ ಚರ್ಚೆಗೆ ಎತ್ತಿಕೊಳ್ಳಬಹುದು.

ಧಾರವಾಡದಿಂದ ಮತ್ತೆ:
ಲಂಡನ್‌ನವರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮುಲ್ಲರ್ ಸ್ಟಾಲ್ ಅವರ ಸೆಮ್ಯೋನ್‌ನನ್ನು ಬೋರ್ಷ್ ಮತ್ತು ಪಿಟೀಲಿಗೆ ಇಳಿಸುವುದು ಅನ್ಯಾಯವೆಂದೇ ನನ್ನ ಭಾವನೆ. ಹೋಟೆಲಿಗೆ ಬಂದ ಅಪರಿಚಿತ ಹೆಣ್ಣುಮಗಳನ್ನು ತಾತನಂತೆ ಉಪಚರಿಸುವ ಆ ಮೃದು ಮುಖದ ಹಿಂದೆ ಏನಿದೆ ಎಂಬುದು ತಿಳಿಯುವ ಹೊತ್ತಿಗೆ ನಾವೂ ಅವನನ್ನು ಮೆಚ್ಚಿಕೊಂಡಿರುತ್ತೇವೆ. ಕ್ರೌರ್ಯ ಮನೆಯ ಹಿರಿಯನ ರೂಪದಲ್ಲಿ ಬರಬಲ್ಲದೆಂಬುದು ರಷ್ಯನ್ನರಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಕೇಳಿದವರು, ಮೈಸೂರು:
ಎಲ್ಲರಿಗೂ ಧನ್ಯವಾದಗಳು. ಬ್ರಿಟನ್ನಿನಲ್ಲಿ ಇದಕ್ಕೆ ಹದಿನೆಂಟು ದಾಟಿದವರಿಗಷ್ಟೇ ಎಂಬ ಪ್ರಮಾಣಪತ್ರವಿರುವುದರಿಂದ ನಾವೂ ಅದನ್ನೇ ಪಾಲಿಸುತ್ತೇವೆ. ಮೇಲೆ ಹೇಳಿರುವ ದೃಶ್ಯಗಳನ್ನು, ಮುಖ್ಯವಾಗಿ ಮಂಗಳೂರಿನ ಸಹೋದರಿ ತಿಳಿಸಿದ್ದನ್ನು, ಆಹ್ವಾನದಲ್ಲಿಯೇ ಬರೆದು ಕಳುಹಿಸುತ್ತೇವೆ. ನಡುವೆ ಎದ್ದು ಹೋಗುವವರಿಗೆ ಬಾಗಿಲ ಬಳಿ ಆಸನಗಳನ್ನು ಬಿಡುತ್ತೇವೆ. ವಿರೋಧಿಸಿದ ಸ್ನೇಹಿತರೇ ಚರ್ಚೆಯನ್ನು ಆರಂಭಿಸಲು ಒಪ್ಪಿದ್ದಾರೆ. ಅದರ ಮರುತಿಂಗಳಿಗೆ ‘ಬ್ರಾತ್’ ಇಟ್ಟುಕೊಳ್ಳುವ ಯೋಚನೆಯಿದೆ. ಇಂಗ್ಲಿಷ್ ಅಡಿಬರಹವಿರುವ ಒಳ್ಳೆಯ ಪ್ರತಿ ಎಲ್ಲಿ ದೊರೆಯುತ್ತದೆ ಎಂಬುದು ಗೊತ್ತಿದ್ದವರು ದಯವಿಟ್ಟು ತಿಳಿಸಿ.