ಎಂಜೈಮ್ ದುಪ್ಪಟ್ಟು ಹಾಕಿದರೂ ವೇಗ ದುಪ್ಪಟ್ಟಾಗುತ್ತಿಲ್ಲ, ಯಾಕೆ?

ಪ್ರಶ್ನೆ:
ಆಲ್ಕಲೈನ್ ಫಾಸ್ಫಟೇಸ್, ಪಿಎಚ್ 9.8. ಸಬ್‌ಸ್ಟ್ರೇಟ್ (ಎಂಜೈಮ್ ಒಡೆಯುವ ವಸ್ತು) ಪಿಎನ್‌ಪಿಪಿ, ಒಡೆದರೆ ಹಳದಿ ಬಣ್ಣ ಬರುತ್ತದೆ; 0.1 ಮಿಲಿಮೋಲಾರ್, ಒಟ್ಟು 1 ಮಿ.ಲೀ. ಎಂಜೈಮ್ 10, 20, 40 ಮೈಕ್ರೋಲೀಟರ್ ಹಾಕಿ, 5ನೇ ನಿಮಿಷಕ್ಕೆ 405 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆದರೆ ಬ್ಲ್ಯಾಂಕ್ (ಎಂಜೈಮ್ ಇಲ್ಲದ ಟ್ಯೂಬ್) ಕಳೆದು ಬೆಳಕಿನ ಹೀರಿಕೆ 0.62, 1.03, 1.46. ಎಂಜೈಮ್ ನಾಲ್ಕು ಪಟ್ಟು, ಬಣ್ಣ ಮಾತ್ರ ಎರಡೂವರೆ ಪಟ್ಟೂ ಇಲ್ಲ. ಎಂಜೈಮ್ ಕೆಟ್ಟಿದೆಯೇ?

ಉತ್ತರ 1:
ಕೆಟ್ಟಿಲ್ಲ, ಸಬ್‌ಸ್ಟ್ರೇಟ್ ಖಾಲಿಯಾಗುತ್ತಿದೆ. 1 ಸೆಂ.ಮೀ. ಕುವೆಟ್‌ನಲ್ಲಿ 0.1 ಮಿಲಿಮೋಲಾರ್ ಪೂರ್ತಿ ಒಡೆದರೆ ಬರುವುದೇ ಸುಮಾರು 1.8. ಅಂದರೆ ನಿಮ್ಮ ಮೂರು ಟ್ಯೂಬ್‌ಗಳಲ್ಲಿ ಶೇ. 34, 57, 81ರಷ್ಟು ಮುಗಿದಿದೆ. ಉಳಿದ ಭಾಗದ (0.66, 0.43, 0.19) ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು ನೋಡಿ: 0.42, 0.85, 1.67. ಹೆಚ್ಚೂಕಡಿಮೆ 1:2:4! ಎಂಜೈಮ್ ತನ್ನ ಲೆಕ್ಕ ತಪ್ಪಿಲ್ಲ. ನೀವು ಅಳೆದದ್ದು ವೇಗವನ್ನಲ್ಲ, 5 ನಿಮಿಷದ ಒಟ್ಟು ಮೊತ್ತವನ್ನು. (ಈ ಲಾಗ್ ಲೆಕ್ಕ ಸಬ್‌ಸ್ಟ್ರೇಟ್ ಕೆಎಂಗಿಂತ, ಅಂದರೆ ವೇಗ ಗರಿಷ್ಠದ ಅರ್ಧಕ್ಕೆ ಬರುವ ಸಾಂದ್ರತೆಗಿಂತ, ತುಂಬಾ ಕಡಿಮೆ ಇದ್ದಾಗ ಮಾತ್ರ ನಡೆಯುತ್ತದೆ.)

ಆರಂಭಿಕ ವೇಗ ಬೇಕಾದರೆ ಶೇ. 10 ಒಡೆಯುವುದರೊಳಗೆ, ಅಂದರೆ 0.18 ದಾಟುವ ಮುನ್ನ ಅಳೆಯಬೇಕು. ಈಗ 40 ಮೈಕ್ರೋಲೀಟರ್ ಟ್ಯೂಬ್ ಅದನ್ನು 20 ಸೆಕೆಂಡಿನೊಳಗೇ ದಾಟುತ್ತದೆ. ಕಲಕಿ ಕುವೆಟ್ ಇಡುವಷ್ಟರಲ್ಲಿ ಮುಗಿದಿರುತ್ತದೆ. ಎಂಜೈಮನ್ನು ಹತ್ತು ಪಟ್ಟು ತೆಳು ಮಾಡಿ, 15 ಸೆಕೆಂಡಿಗೊಮ್ಮೆ 3 ನಿಮಿಷ ಓದಿ, ಇಳಿಜಾರು ತೆಗೆಯಿರಿ. ಎಂಜೈಮ್ ಹೆಚ್ಚಿಸಿದಷ್ಟು ಬಫರ್ ಕಡಿಮೆ ಮಾಡಿ, ಒಟ್ಟು 1 ಮಿ.ಲೀ. ಮೀರಬಾರದು.

ಉತ್ತರ 2:
ತೆಳು ಮಾಡುವುದರಲ್ಲೇ ಹಲವರು ಎಡವುತ್ತಾರೆ. ಫಾಸ್ಫೇಟ್ ಬಫರ್ ಬೇಡವೇ ಬೇಡ, ಫಾಸ್ಫೇಟ್ ಈ ಎಂಜೈಮಿನ ಸ್ಪರ್ಧಾತ್ಮಕ ಪ್ರತಿಬಂಧಕ, ಸಬ್‌ಸ್ಟ್ರೇಟಿನ ಜಾಗದಲ್ಲಿ ತಾನೇ ಕೂತು ತಡೆಯುತ್ತದೆ. ಲೋಹ ಹಿಡಿಯುವ ಇಡಿಟಿಎ ಇದ್ದರೆ ಎಂಜೈಮಿಗೆ ಬೇಕಾದ ಸತುವನ್ನು ಕಿತ್ತುಕೊಳ್ಳುತ್ತದೆ. ಟ್ರಿಸ್ ಬಫರ್ ಜೊತೆಗೆ 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಸಾಕು. ತೀರಾ ತೆಳುವಾದ ಎಂಜೈಮ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ, ಮಿ.ಲೀ.ಗೆ 0.1 ಮಿ.ಗ್ರಾಂ ಬಿಎಸ್‌ಎ (ಒಂದು ಪ್ರೋಟೀನ್) ಹಾಕಿ.

ಪ್ರಶ್ನಿಸಿದವರು:
ಸರಿ, ಸಬ್‌ಸ್ಟ್ರೇಟನ್ನೇ ಹೆಚ್ಚಿಸಿದರೆ?

ಉತ್ತರ 1:
ವೇಗ ಏರುತ್ತದೆ, ಆದರೆ ಒಂದು ಹಂತದವರೆಗೆ. ಕೆಎಂನಷ್ಟಿದ್ದರೆ ಗರಿಷ್ಠದ ಅರ್ಧ, ಒಂಬತ್ತು ಪಟ್ಟಿದ್ದರೆ ಶೇ. 90. ಅಲ್ಲಿಂದಾಚೆ ಎಂಜೈಮ್ ಹೆಚ್ಚಿಸಿದರಷ್ಟೇ ವೇಗ. ಕೆಎಂ ಕಂಡುಹಿಡಿಯಲು 0.2ರಿಂದ 5 ಕೆಎಂವರೆಗೆ ಏಳೆಂಟು ಬಿಂದು ತೆಗೆದುಕೊಂಡು ವೇಗ-ಸಾಂದ್ರತೆಯ ವಕ್ರರೇಖೆಗೇ ನೇರವಾಗಿ ಫಿಟ್ ಮಾಡಿ. ಎರಡರ ವಿಲೋಮ (1/ವೇಗ, 1/ಸಾಂದ್ರತೆ) ತೆಗೆದು ಎಳೆಯುವ ಲೈನ್‌ವೀವರ್-ಬರ್ಕ್ ಗೆರೆ ಕಣ್ಣಿಗೆ ಚೆಂದ, ಆದರೆ ಕಡಿಮೆ ಸಾಂದ್ರತೆಯ ಚಿಕ್ಕ ತಪ್ಪನ್ನು ದೊಡ್ಡದು ಮಾಡಿಬಿಡುತ್ತದೆ. ಇನ್ನೊಂದು: ಪಿಎನ್‌ಪಿಪಿ ತಾನಾಗಿಯೇ ಸ್ವಲ್ಪ ಒಡೆಯುತ್ತದೆ, ಹಾಗಾಗಿ ಪ್ರತಿ ಸಾಂದ್ರತೆಗೂ ಪ್ರತ್ಯೇಕ ಬ್ಲ್ಯಾಂಕ್ ಇಡಿ.