ಸಹಾಯ ಬೇಕು: ದೊಡ್ಡ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಯಾವ ದ್ರಾವಣ ಕೊಡಬೇಕು?

ಮಾನ್ಯರೇ, ನಾನು ಕಲಬುರಗಿಯಲ್ಲಿ ಅರಿವಳಿಕೆ ವೈದ್ಯೆ. ಕಳೆದ ವಾರ ರೋಗಿಯನ್ನು ಬೋರಲು ಮಲಗಿಸಿ ಆರು ಗಂಟೆ ನಡೆಸಿದ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಒಂದೂವರೆ ಲೀಟರ್ ರಕ್ತ ಹೋಯಿತು. ಲೀಟರಿಗೆ 154 ಮಿಲಿಮೋಲ್ ಕ್ಲೋರೈಡ್ ಇರುವ ನಾರ್ಮಲ್ ಸಲೈನನ್ನೇ ಹೆಚ್ಚಾಗಿ ಕೊಟ್ಟಿದ್ದರಿಂದ ರಕ್ತದ ಆಮ್ಲತೆ ಏರಿತು. ಕೊನೆಗೆ ರೋಗಿಯನ್ನು ಹೊರಳಿಸಿದಾಗ ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದನ್ನು ಕಂಡು ಗಾಬರಿಯಾಯಿತು, ಏಕೆಂದರೆ ಇಂಥ ಶಸ್ತ್ರಚಿಕಿತ್ಸೆಯ ನಂತರ ಅಪರೂಪಕ್ಕೆ ದೃಷ್ಟಿಯೇ ಹೋಗುವುದುಂಟು. ಪುಣ್ಯಕ್ಕೆ ಹಾಗಾಗಲಿಲ್ಲ. ಮುಂದಿನ ರೋಗಿಗೆ ಕ್ಲೋರೈಡ್ ಕಡಿಮೆ ಇರುವ ರಿಂಗರ್ ಲ್ಯಾಕ್ಟೇಟ್ ದ್ರಾವಣ ಕೊಟ್ಟೆ. ಆಮ್ಲತೆ ಹತೋಟಿಯಲ್ಲಿತ್ತು, ಊತ ಮಾತ್ರ ತಪ್ಪಲಿಲ್ಲ. ಮೂತ್ರಪಿಂಡಕ್ಕೆ ಹಾನಿಯಾದೀತೆಂದು ಸ್ಟಾರ್ಚ್ ದ್ರಾವಣವನ್ನು ಬಿಟ್ಟಿದ್ದೇನೆ. ರಕ್ತದಲ್ಲಿನ ಪ್ರೋಟೀನಿನಿಂದ ತಯಾರಿಸುವ ಆಲ್ಬುಮಿನ್ ದ್ರಾವಣ ನಮ್ಮಲ್ಲಿಗೆ ಬರುವ ತೊಗರಿ ಬೆಳೆಗಾರರ ಕುಟುಂಬಗಳಿಗೆ ದುಬಾರಿ. ರಕ್ತ ನಷ್ಟ ಒಂದು ಲೀಟರ್ ದಾಟಿದರೂ ಹಿಮೋಗ್ಲೋಬಿನ್ ಇನ್ನೂ ಸಾಕಷ್ಟಿದ್ದು, ರಕ್ತ ಏರಿಸುವ ಹಂತ ಬಂದಿಲ್ಲದಿದ್ದಾಗ, ರಿಂಗರ್ ಲ್ಯಾಕ್ಟೇಟನ್ನೇ ಮುಂದುವರಿಸಬೇಕೇ, ಆಲ್ಬುಮಿನ್ ಸೇರಿಸಬೇಕೇ? ಸೇರಿಸುವುದಾದರೆ ಯಾವ ಹಂತದಲ್ಲಿ, ಎಷ್ಟು?